ಸಿಕೆ ನಾರ್ಮಲ್ ಬಂದಾಗ ಉಗುರಿನ ಬುಡ ನೋಡಿ: ನನ್ನ ಅನುಭವ

"ಸಿಕೆ ನಾರ್ಮಲ್, ಕೈಕಾಲಲ್ಲಿ ಶಕ್ತಿ ಪೂರ್ತಿ ಇದೆ, ಇದು ಹೇಗೆ ಡರ್ಮಟೊಮಯೋಸೈಟಿಸ್?" ಎಂದು ಕೇಳುತ್ತಿದ್ದ ವೈದ್ಯರೇ ಈಗ ಉಗುರಿನ ಫೋಟೊ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಡರ್ಮಟೊಮಯೋಸೈಟಿಸ್ ಚರ್ಮ, ಸ್ನಾಯುಗಳ ಉರಿಯೂತದ ರೋಗ; ಸಿಕೆ ಎಂದರೆ ಸ್ನಾಯು ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ. ಸ್ನಾಯು ಸರಿಯಿದ್ದೂ ಈ ರೋಗ ಇರಬಹುದು. ಬೇಕಾದದ್ದು ಹತ್ತು ಪಟ್ಟು ಹಿಗ್ಗಿಸುವ ಡರ್ಮೊಸ್ಕೋಪ್ (ಚರ್ಮ ನೋಡುವ ದೀಪದ ಮಸೂರ), ಫೋನು, ಒಂದು ಹನಿ ಜೆಲ್.

ರೋಗಿಯನ್ನು ಕೋಣೆಯೊಳಗೆ ಕಾಲು ಗಂಟೆ ಕೂರಿಸಿ. ಮೊದಲು ಉಂಗುರದ ಬೆರಳು, ಆಮೇಲೆ ಕಿರುಬೆರಳು; ಅಲ್ಲಿ ಸ್ಪಷ್ಟ ಕಾಣುತ್ತದೆ. ಲೆನ್ಸ್ ಒತ್ತಿದರೆ ರಕ್ತ ಸರಿದು ಲೂಪೇ (ಉಗುರಿನ ಬುಡದ ಸಣ್ಣ ರಕ್ತನಾಳದ ಬಳುಕು) ಮಾಯ. ಶುರುವಿನಲ್ಲಿ ಎಷ್ಟೋ ಬೆರಳುಗಳು ಹೀಗೇ ಕೈತಪ್ಪಿದವು. ಜೆಲ್ ಬದಲು ಸ್ಯಾನಿಟೈಸರ್ ಹಚ್ಚಿದರೆ ಬೇಗ ಆರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಚಿತ್ರ ಚೆನ್ನ, ಆದರೆ ಡಿಸೆಂಬರಿನ ಬೆಳಗ್ಗೆ ಹೆಪ್ಪುಗಟ್ಟುತ್ತದೆ. ಕೊನೆಗೆ ಅಲ್ಟ್ರಾಸೌಂಡ್ ಜೆಲ್ಲೇ ಕಾಯಂ ಆಯಿತು.

ಹುಡುಕಬೇಕಾದ್ದು ಉಬ್ಬಿದ ಲೂಪು, ಪೊದೆಯಂತೆ ಕವಲೊಡೆದ ಲೂಪು, ನಡುವೆ ಲೂಪಿಲ್ಲದ ಬೋಳು ಜಾಗ, ಉಗುರಿನ ಬುಡದ ತೆಳು ಪೊರೆಯಾದ ಕ್ಯೂಟಿಕಲ್‌ನಲ್ಲಿ ಕಂದುಗೆಂಪು ಚುಕ್ಕೆ. ಒಂದೇ ಬೆರಳಲ್ಲಿದ್ದರೆ ನಂಬಬೇಡಿ. ಅಡಿಕೆ ಸುಲಿಯುವವರ ಗಾಯದ ರಕ್ತವೂ ಹಾಗೇ ಕಾಣುತ್ತದೆ. ಚರ್ಮ ಬಿಗಿಯಾಗುವ ಸ್ಕ್ಲೀರೋಡರ್ಮಾ ರೋಗದಲ್ಲೂ ಇದೇ ಚಿತ್ರ, ಆದ್ದರಿಂದ ಚರ್ಮ ಚಿವುಟಿ ನೋಡಿ. ಕ್ಯೂಟಿಕಲ್ ಒರಟಾದವರಿಗೆ ಬೆಳಕು ಹಾಯಿಸುವ ರೀತಿಯೇ ಬೇರೆ. ಅದು ಪಕ್ಕದಲ್ಲಿ ಕೂತು ಕಲಿಯುವ ವಿದ್ಯೆ, ಬರೆದರೆ ಹತ್ತದು.

ನಮ್ಮವರ ಚರ್ಮದಲ್ಲಿ ಗಾಟ್ರನ್ (ಗೆಣ್ಣಿನ ಮೇಲಿನ ಗುಳ್ಳೆ, ಕಲೆ) ಕೆಂಪಲ್ಲ, ನೇರಳೆಗಪ್ಪು. ಹೀಲಿಯೋಟ್ರೋಪ್ (ಕಣ್ಣರೆಪ್ಪೆಯ ನೇರಳೆ ಬಣ್ಣ) 'ನಿದ್ದೆಗೆಟ್ಟ ಕಣ್ಣು' ಎನಿಸಿಕೊಂಡು ತಪ್ಪಿಹೋಗುತ್ತದೆ. ಅಂಗೈ ಮಗುಚಿ ನೋಡಿ: ಬೆರಳ ಮಡಿಕೆಗಳಲ್ಲಿ ನೋಯುವ ಗಂಟು, ಗೆಣ್ಣಿನ ಮೇಲೆ ಹುಣ್ಣು ಇದ್ದರೆ ಬೇರೆ ಸಾಬೀತಾಗುವ ತನಕ ಎಂಡಿಎ5 (ಶ್ವಾಸಕೋಶವನ್ನು ಬೇಗ ಕೆಡಿಸಬಲ್ಲ, ಈ ಹೆಸರಿನ ಆಂಟಿಬಾಡಿ ಇರುವ ಬಗೆ) ಎಂದೇ ಹಿಡಿಯಿರಿ. ಕೆಮ್ಮಿಲ್ಲದಿದ್ದರೂ ಅದೇ ವಾರ ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್ ಆದ ಎಚ್‌ಆರ್‌ಸಿಟಿ, ಫೆರಿಟಿನ್ (ಉರಿಯೂತ ಏರಿದಾಗ ರಕ್ತದಲ್ಲಿ ಹೆಚ್ಚುವ ಪ್ರೊಟೀನ್). ನಡೆಸಿ ರಕ್ತದ ಆಮ್ಲಜನಕದ ಸ್ಯಾಚುರೇಷನ್ ನೋಡಿ. ಜ್ವರ, ತೂಕ ಇಳಿಕೆ, ಎಕ್ಸ್‌ರೇ ನೆರಳು ಎಂದು ಟಿಬಿ ಮಾತ್ರೆ ಶುರುವಾಗಿ ವಾರಗಳು ಕಳೆದುಹೋಗುತ್ತವೆ. ಈ ಶ್ವಾಸಕೋಶಕ್ಕೆ ಅಷ್ಟು ಪುರುಸೊತ್ತಿಲ್ಲ. ಎಎನ್‌ಎ (ಕೋಶದ ನ್ಯೂಕ್ಲಿಯಸ್ ಗುರಿಯಾಗಿಸಿದ ಆಂಟಿಬಾಡಿ ಹುಡುಕುವ ಪರೀಕ್ಷೆ) ನೆಗೆಟಿವ್ ಬಂತೆಂದು ಕೈಬಿಡಬೇಡಿ. 2005ರಲ್ಲಿ ಜಪಾನಿನವರು ಗುರುತಿಸಿದ ಈ ಎಂಡಿಎ5 ಆಂಟಿಬಾಡಿಯ ಗುರಿ ನ್ಯೂಕ್ಲಿಯಸ್ಸಿನ ಹೊರಗೆ, ಸೈಟೋಪ್ಲಾಸಂನಲ್ಲಿದೆ.

ದುಡ್ಡಿನ ಮಾತು. ಮೊದಮೊದಲು ಶಕ್ತಿ ಇದ್ದ ಸ್ನಾಯುವಿಗೇ ಬಯಾಪ್ಸಿ ಮಾಡಿಸಿ ರೋಗಿಗಳ ಹಣ ಹಾಳಾಯಿತು, ವರದಿಯಲ್ಲಿ ಏನೂ ಇಲ್ಲ. ಈಗ ಉಗುರು, ಚರ್ಮ ಎರಡೂ ಹೊಂದಿದರೆ ನೇರ ಮಯೋಸೈಟಿಸ್ ಪ್ಯಾನಲ್ (ಇಂಥ ಆಂಟಿಬಾಡಿಗಳ ರಕ್ತಪರೀಕ್ಷೆ), ಸುಮಾರು ಎಂಟ್ಹತ್ತು ಸಾವಿರ. ಸಂಶಯ ಉಳಿದರೆ ಮಾತ್ರ ತೊಡೆಗೆ ಸ್ನಾಯುವಿನ ಊತ ತೋರಿಸುವ ಸ್ಟಿರ್ ಎಂಆರ್‌ಐ. ರಕ್ತ ತೆಗೆಯುವ ಮೊದಲು ಐವಿಐಜಿ (ದಾನಿಗಳ ಆಂಟಿಬಾಡಿಯ ಡ್ರಿಪ್) ಕೊಟ್ಟರೆ ಪ್ಯಾನಲ್ ಕೆಡುತ್ತದೆ. ಬ್ಲಾಟ್‌ನಲ್ಲಿ (ಆಂಟಿಬಾಡಿ ಇದ್ದರೆ ಗೆರೆ ಮೂಡುವ ಪ್ಯಾನಲ್ಲಿನ ಪಟ್ಟಿ) ಮಸುಕು ಗೆರೆ ಬಂದು ಚರ್ಮ ಹೊಂದದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕ್ಯಾನ್ಸರ್ ನಂಟಿನ ಆಂಟಿಬಾಡಿ ಟಿಐಎಫ್1 ಗಾಮಾ ಬ್ಲಾಟ್‌ನಿಂದ ನುಣುಚಿಕೊಳ್ಳಬಹುದು, ಹಾಗಾಗಿ ನಲವತ್ತು ದಾಟಿದವರಲ್ಲಿ ಕ್ಯಾನ್ಸರ್ ಹುಡುಕಾಟ ಬಿಡುವುದಿಲ್ಲ.

ಚಿಕಿತ್ಸೆ ನಾಟಿದರೆ ಕೆಲವು ತಿಂಗಳಲ್ಲಿ ಬೋಳು ಜಾಗದಲ್ಲಿ ಲೂಪುಗಳು ಮತ್ತೆ ಮೂಡುತ್ತವೆ. ಅದೇ ಬೆರಳು, ಅದೇ ಝೂಮ್‌ನಲ್ಲಿ ಫೋಟೊ ತೆಗೆದಿಟ್ಟಿದ್ದರಷ್ಟೇ ಅದು ಗೊತ್ತಾಗುವುದು.