ಪರದೆ ನಿಂತುಹೋದ ಮೇಲಿನ ಅರ್ಧ ನಿಮಿಷ

ಎರಡು ಸೀಟಿನ ಯುದ್ಧವಿಮಾನದ ಜೋಡಿಗಳಿಗೆ ತರಬೇತಿ ಕೊಡಲು ಶುರು ಮಾಡಿದಾಗ ನಾನು ಹೊಸ ಉಪಕರಣಗಳ ಬೆನ್ನು ಹತ್ತಿದ್ದೆ. ಮುಂದಿನ ಯುದ್ಧವೆಂದರೆ ದೂರಗಾಮಿ ಕ್ಷಿಪಣಿ, ಬೇರೆಡೆಯಿಂದ ಮಾಹಿತಿಯನ್ನು ಪರದೆಗೆ ತರುವ ಡೇಟಾ ಲಿಂಕ್, ಪಕ್ಕದಲ್ಲಿ ಹಾರುವ ಡ್ರೋನ್. ಅವನ್ನೆಲ್ಲ ಬಳಸುವುದು ಕಲಿಸಿದರೆ ಸಾಕು ಅಂದುಕೊಂಡಿದ್ದೆ.

ಒಂದು ದಿನ ಸಿಮ್ಯುಲೇಟರಿನಲ್ಲಿ ಹೇಳದೆ ಕೇಳದೆ ಡೇಟಾ ಲಿಂಕ್ ಕಡಿದು, ರೇಡಾರನ್ನೂ ಜ್ಯಾಮ್ ಮಾಡಿಸಿದೆ. ಪರದೆಯ ಮೇಲಿನ ಗುರುತುಗಳು ಇದ್ದಲ್ಲೇ ನಿಂತವು. ಪೈಲಟ್ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ. ಎದುರಾಳಿ ಕೊನೆಗೆ ಎಲ್ಲಿದ್ದನೆಂದು ಹಿಂದಿನ ಸೀಟಿನವನಿಗೆ ನೆನಪಿತ್ತು, ಬಾಯಿ ಬಿಡಲಿಲ್ಲ. ಅರ್ಧ ನಿಮಿಷದಲ್ಲಿ ಕ್ಷಿಪಣಿ ಬಡಿಯಿತು.

ಅಭ್ಯಾಸ ಮುಗಿದ ಮೇಲೆ ತಪ್ಪು-ಒಪ್ಪು ಚರ್ಚಿಸುವ ಡಿಬ್ರೀಫ್ ಕೋಣೆಯಲ್ಲಿ ರ‍್ಯಾಂಕ್ ಲೆಕ್ಕಕ್ಕಿಲ್ಲ. ರೆಕಾರ್ಡಿಂಗನ್ನು ಆ ಜಾಗಕ್ಕೆ ತಂದು ನಿಲ್ಲಿಸಿ ಕೇಳಿದೆ: "ನಿನಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?"

"ಸರ್, ಅವರು ಸೀನಿಯರ್. ಅವರಿಗೂ ಗೊತ್ತಿರುತ್ತೆ ಅಂದ್ಕೊಂಡೆ."

ಆ ಮಾತು ನನ್ನನ್ನು ಬಹಳ ಕಾಡಿತು. ಅವನಿಗೆ ಉಪಕರಣ ಕಲಿಸಿದ್ದೆ, ಬಾಯಿಬಿಟ್ಟು ಹೇಳುವುದನ್ನು ಕಲಿಸಿರಲಿಲ್ಲ.

ಅಂದಿನಿಂದ ಅಭ್ಯಾಸ ಬದಲಾಯಿಸಿದೆ. ಪರದೆ ನಿಂತ ತಕ್ಷಣ ಹಿಂದಿನವನು ದಿಕ್ಕು, ದೂರ, ಎತ್ತರ ಹೇಳಬೇಕು. ಆ ಮಾಹಿತಿ ಎಷ್ಟು ಸೆಕೆಂಡ್ ಹಳೆಯದೆಂಬುದನ್ನೂ ಹೇಳಬೇಕು. ಈ ಕೊನೆಯದೇ ಮುಖ್ಯ. ಎದುರುಬದುರಾಗಿ ಬರುವ ಎರಡು ವಿಮಾನಗಳು ತಲಾ ಸೆಕೆಂಡಿಗೆ 300 ಮೀಟರ್ ವೇಗದಲ್ಲಿದ್ದರೆ, ಅರ್ಧ ನಿಮಿಷದಲ್ಲಿ ನಡುವಿನ ಅಂತರ 18 ಕಿಲೋಮೀಟರ್ ಕರಗುತ್ತದೆ. ಹಳೆಯ ಮಾಹಿತಿಯನ್ನು ಹೊಸದೆಂದು ನಂಬಿದರೆ ಸತ್ತಂತೆಯೇ.

ಮಾತು ಚುಟುಕಾಗಿರಬೇಕು. ಮೈಭಾರ ಒಂಬತ್ತು ಪಟ್ಟಾಗುವ 9 ಜಿ ತಿರುವಿನಲ್ಲಿ ಮಿದುಳಿನ ರಕ್ತ ಕೆಳಗಿಳಿಯದಂತೆ ಕಾಲು, ಹೊಟ್ಟೆ ಬಿಗಿದು, ಸುಮಾರು ಮೂರು ಸೆಕೆಂಡಿಗೊಮ್ಮೆ ಗಬಕ್ಕನೆ ಉಸಿರೆಳೆಯಬೇಕು. ಆ ಸಂದಿನಲ್ಲಿ ಒಂದೆರಡು ಪದಕ್ಕಷ್ಟೇ ಜಾಗ. ನೆಲದ ಮೇಲಿನ ಸಾಮಾನ್ಯ ಸಿಮ್ಯುಲೇಟರ್ ಇದನ್ನು ಕಲಿಸದು, ಹಾರಲೇಬೇಕು.

ವಿಯೆಟ್ನಾಂ ಯುದ್ಧದಲ್ಲಿ ಮೊದಲ ಹತ್ತು ಯುದ್ಧ ಹಾರಾಟ ದಾಟಿದವರು ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚೆಂದು ಕಂಡುಕೊಂಡ ಅಮೆರಿಕದ ವಾಯುಪಡೆ, ಆ ಹತ್ತನ್ನು ತರಬೇತಿಯಲ್ಲೇ ಕೊಡಲು 1975ರಲ್ಲಿ ನೆಲ್ಲಿಸ್ ನೆಲೆಯಲ್ಲಿ ರೆಡ್ ಫ್ಲ್ಯಾಗ್ ಎಂಬ ಅಣಕು ಯುದ್ಧಾಭ್ಯಾಸ ಶುರುಮಾಡಿತು. ಇವತ್ತಿನ ಹತ್ತರಲ್ಲಿ ಅರ್ಧದಷ್ಟಾದರೂ ಲಿಂಕ್ ಇಲ್ಲದೆ ನಡೆಯಬೇಕೆಂದು ನಾನು ಹಟ ಹಿಡಿದಿದ್ದೇನೆ. ಡ್ರೋನ್ ಜೊತೆಗಿದ್ದರೆ ಇನ್ನೂ ಹೆಚ್ಚು. ಸಂಪರ್ಕ ಕಡಿದಾಗ ಅದು ಏನು ಮಾಡುತ್ತದೆಂದು ಇಬ್ಬರಿಗೂ ಮೊದಲೇ ತಿಳಿದಿರಬೇಕು.

ಕೆಲವು ತಿಂಗಳ ಮೇಲೆ ಅದೇ ಜೋಡಿ ಆಕಾಶದಲ್ಲಿತ್ತು. ಲಿಂಕ್ ಕಡಿದೆವು. ರೆಕಾರ್ಡಿಂಗಿನಲ್ಲಿ ಬಿಗಿಹಿಡಿದ ಉಸಿರಿನ ನಡುವೆ ಕೇಳಿಸಿತು: "ಎಡಕ್ಕೆ... ಹತ್ತು ಸೆಕೆಂಡ್ ಹಳೇದು." ಅವತ್ತು ಅವರು ಗೆಲ್ಲಲಿಲ್ಲ, ಆದರೆ ಪೆಟ್ಟು ತಿನ್ನದೆ ಹೊರಬಂದರು. ಡಿಬ್ರೀಫಿನಲ್ಲಿ ಮೊದಲು ಮಾತು ತೆಗೆದವನು ಹಿಂದಿನ ಸೀಟಿನವನೇ.