‘ಐ ಆ್ಯಮ್ ನೋಯಿಂಗ್’ ಬೇಡ, ‘ಐ ನೋ’ ಸಾಕು

ಇಂಟರ್‌ವ್ಯೂನಲ್ಲಿ ‘ಐ ಆ್ಯಮ್ ನೋಯಿಂಗ್ ಜಾವಾ’ ಅನ್ನುವವರು, ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅನ್ನುವವರು ನಮ್ಮಲ್ಲಿ ಜಾಸ್ತಿ. ಹೇಳಿದ್ದು ಎದುರಿನವರಿಗೆ ತಿಳಿಯುತ್ತದೆ, ನಿಜ. ಆದರೆ ‘ಇಂಗ್’ ಬೇಡದ ಕಡೆ ಬಂದು ಕೂತಿದೆ, ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ವ್ಯಾಕರಣವನ್ನೂ ನೋಡುತ್ತಾರೆ. ಸರಿಪಡಿಸಿಕೊಳ್ಳಲು ಉದ್ದದ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ.

ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ಮಾಡುವ ಕೆಲಸವೋ, ಸುಮ್ನೆ ಇರುವ ಸ್ಥಿತಿಯೋ? ಓದುವುದು, ಓಡುವುದು ಕೆಲಸ. ಶುರು ಮಾಡಬಹುದು, ಅರ್ಧಕ್ಕೆ ನಿಲ್ಲಿಸಬಹುದು. ಇವಕ್ಕೆ ‘ಇಂಗ್’ ಧಾರಾಳವಾಗಿ ಹಚ್ಚಿ. ನೋ, ಬಿಲೀವ್, ವಾಂಟ್, ನೀಡ್, ಓನ್, ಬಿಲಾಂಗ್ ಇವೆಲ್ಲ ಸ್ಥಿತಿ. ಇವಕ್ಕೆ ಸಾಮಾನ್ಯವಾಗಿ ‘ಇಂಗ್’ ಬೇಡ. ‘ಐದು ನಿಮಿಷ ತಡಿ, ಅವನ ಹೆಸರು ಗೊತ್ತಿರೋದನ್ನ ನಿಲ್ಲಿಸಿ ಬರ್ತೀನಿ’ ಅಂತ ಯಾರೂ ಹೇಳಲ್ಲ, ಅಲ್ವಾ?

ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ. ‘ದಾರಿ ಗೊತ್ತು’, ‘ನೀರು ಬೇಕು’, ‘ಇಬ್ಬರು ಅಣ್ಣಂದಿರಿದ್ದಾರೆ’ ಅನ್ನುವಾಗ ನಾವೂ ‘ತ್ತಿದೆ’ ಸೇರಿಸುವುದಿಲ್ಲ. ಎಡವುವುದು ‘ಅರ್ಥವಾಗುತ್ತಿಲ್ಲ’, ‘ಕೇಳಿಸುತ್ತಿಲ್ಲ’ ಅನ್ನುವ ಕಡೆ. ಅದನ್ನೇ ಎಳೆದು ತಂದು ‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಅಂದುಬಿಡುತ್ತೇವೆ. ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಅನ್ನಿ. ಫೋನಿನಲ್ಲಿ ದನಿ ಕೇಳದಿದ್ದರೆ ‘ಐ ಕಾಂಟ್ ಹಿಯರ್ ಯು’. ಕಾಣುವ, ಕೇಳಿಸುವ ಮಾತಿಗೆ ‘ಕ್ಯಾನ್’ ಜೊತೆ ಮಾಡಿ.

ಆಮೇಲೆ, ಎರಡೂ ಕಡೆ ಸಲ್ಲುವ ಕ್ರಿಯಾಪದಗಳನ್ನು ಗುರುತು ಮಾಡಿಕೊಳ್ಳಿ. ನಿಜವಾದ ಸೊಗಸು ಇರುವುದು ಇಲ್ಲೇ. ಅಣ್ಣಂದಿರಿದ್ದರೆ ‘ಹ್ಯಾವ್’, ಊಟ ಮಾಡುತ್ತಿದ್ದರೆ ‘ಹ್ಯಾವಿಂಗ್ ಲಂಚ್’. ‘ದಿಸ್ ರಸಮ್ ಟೇಸ್ಟ್ಸ್ ಗುಡ್’ ಎಂದರೆ ಸಾರಿನ ರುಚಿಯ ಮಾತು. ಅಮ್ಮ ಸೌಟಿನಿಂದ ಅಂಗೈಗೆ ಎರಡು ತೊಟ್ಟು ಹಾಕಿಕೊಂಡು ಉಪ್ಪು ನೋಡುತ್ತಿದ್ದರೆ ‘ಶೀ ಈಸ್ ಟೇಸ್ಟಿಂಗ್ ಇಟ್’. ‘ಐ ಥಿಂಕ್ ಹಿ ಈಸ್ ರೈಟ್’ ನಿಮ್ಮ ಅಭಿಪ್ರಾಯ. ‘ಐ ಆ್ಯಮ್ ಥಿಂಕಿಂಗ್ ಅಬೌಟ್ ದಿ ಆಫರ್’ ಅಂದರೆ ತಲೆಯೊಳಗೆ ಲೆಕ್ಕಾಚಾರ ಇನ್ನೂ ನಡೆದಿದೆ.

ನನಗೆ ತುಂಬ ಇಷ್ಟವಾದದ್ದು ‘ಬೀಯಿಂಗ್’. ‘ಹಿ ಈಸ್ ರೂಡ್’ ಅಂದರೆ ಅವನ ಸ್ವಭಾವವೇ ಒರಟು. ‘ಹಿ ಈಸ್ ಬೀಯಿಂಗ್ ರೂಡ್’ ಅಂದರೆ ಈ ಹೊತ್ತಿಗೆ ಮಾತ್ರ ಹಾಗೆ ಆಡುತ್ತಿದ್ದಾನೆ. ಸಿಟ್ಟಿನಲ್ಲಿದ್ದ ಗೆಳೆಯನ ಬಗ್ಗೆ ಹೇಳುವಾಗ ಎರಡನೆಯದೇ ನ್ಯಾಯ.

ಇನ್ನು ‘ಹತ್ತು ವರ್ಷದಿಂದ ಗೊತ್ತು’ ಅನ್ನುವುದು. ‘ಐ ಆ್ಯಮ್ ನೋಯಿಂಗ್ ಹಿಮ್ ಸಿನ್ಸ್ ಟೆನ್ ಇಯರ್ಸ್’ ಅನ್ನುವುದರಲ್ಲಿ ಎರಡು ತಪ್ಪು. ಸರಿಯಾದದ್ದು ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ಶುರುವಾದ ವರ್ಷ ಹೇಳುವುದಾದರೆ ಮಾತ್ರ ‘ಸಿನ್ಸ್ 2015’. ‘ಹ್ಯಾವ್ ಬೀನ್ ನೋಯಿಂಗ್’ ಕೂಡ ಸಲ್ಲದು. ಆದರೆ ‘ಐ ಹ್ಯಾವ್ ಬೀನ್ ವಾಂಟಿಂಗ್ ಟು ಮೀಟ್ ಯು’ ಚೆನ್ನಾಗಿ ಬಳಕೆಯಲ್ಲಿದೆ. ಬಹಳ ದಿನದ ಆಸೆ ಅನ್ನುವ ಭಾವ ಅದಕ್ಕಿದೆ.

ಹಾಗಾದರೆ ಮೆಕ್‌ಡೊನಾಲ್ಡ್ಸ್‌ನವರ ‘ಐ ಆ್ಯಮ್ ಲವಿನ್ ಇಟ್’? 2003ರಲ್ಲಿ ಬಂದ ಆ ಜಾಹೀರಾತಿನ ಸಾಲು ಈ ಗಳಿಗೆಯ ಖುಷಿಯನ್ನು ಹೇಳುತ್ತದೆ. ಗೆಳೆಯರ ಮಾತಿನಲ್ಲಿ ಹಾಗೆ ಅನ್ನಬಹುದು. ಪರೀಕ್ಷೆಯ ಉತ್ತರದಲ್ಲಿ ‘ಐ ಲವ್ ಇಟ್’ ಬರೆಯಿರಿ.

ಅಭ್ಯಾಸಕ್ಕೆ ನಿಮ್ಮ ಹಳೆಯ ಮೇಲ್‌ಗಳನ್ನೇ ತೆಗೆಯಿರಿ. ‘ಇಂಗ್’ ಇರುವ ಕಡೆಯೆಲ್ಲ ಅದೇ ಪ್ರಶ್ನೆ ಕೇಳಿ. ‘ವಿ ಆರ್ ರಿಕ್ವೈರಿಂಗ್ ಯುವರ್ ಮಾರ್ಕ್ಸ್ ಕಾರ್ಡ್’ ಕಂಡರೆ ‘ವಿ ನೀಡ್’ ಎಂದು ತಿದ್ದಿ. ‘ವಿ ಆರ್ ಸೆಂಡಿಂಗ್’ ಕಂಡರೆ ಹಾಗೇ ಬಿಡಿ.