ಬಣ್ಣದ ಪುಡಿಗೆ ಏಮ್ಸ್ (Ames) ಪರೀಕ್ಷೆ ಮಾಡಿಸುವುದು ಹೇಗೆ?

ರಬಕವಿ-ಬನಹಟ್ಟಿ, ಇಳಕಲ್ ಕಡೆ ನೂಲಿಗೆ ಬಣ್ಣ ಹಾಕುವವರ ಕೈಗೆ ದಿನವಿಡೀ ಬಣ್ಣ ತಾಗುತ್ತದೆ. ಆ ಪುಡಿ ಬೆಂಜಿಡಿನ್ ಎಂಬ ರಾಸಾಯನಿಕದಿಂದ ತಯಾರಾದ ಅಜೋ ಬಣ್ಣವಾಗಿದ್ದರೆ (ಎರಡು ಸಾರಜನಕ ಪರಮಾಣುಗಳ ‘ಅಜೋ ಬಂಧ’ ಇರುವ ಬಣ್ಣ) ಮೂತ್ರಕೋಶದ ಕ್ಯಾನ್ಸರ್ ಬರುವ ಅಪಾಯವಿದೆ. ಹಾನಿಕರವಾದ 112 ಬಣ್ಣಗಳನ್ನು ಕೇಂದ್ರ ಸರ್ಕಾರ 1990ರ ದಶಕದಲ್ಲೇ ನಿಷೇಧಿಸಿದೆ. ಆದರೆ ಲೇಬಲ್ ಇಲ್ಲದ ಡಬ್ಬಿಯಲ್ಲಿ ಏನಿದೆಯೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಪುಡಿ ವಂಶವಾಹಿಯನ್ನು ಕೆಡಿಸುತ್ತದೆಯೇ ಎಂದು ತಿಳಿಯಲು ಮೊದಲು ಮಾಡಿಸಬೇಕಾದದ್ದು ಬ್ಯಾಕ್ಟೀರಿಯಾ ಬಳಸಿ ಮಾಡುವ ಏಮ್ಸ್ ಪರೀಕ್ಷೆ. ನೇಕಾರರ ಸಂಘಗಳು ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಇದನ್ನು ಮಾಡಿಸಬಹುದು.

ಮಾದರಿಯನ್ನು ಬಣ್ಣದ ತೊಟ್ಟಿಯಿಂದ ತೆಗೆಯಬೇಡಿ. ಅದರಲ್ಲಿ ಉಪ್ಪು, ಸೋಡಾ ಬೆರೆತಿರುತ್ತವೆ. ಹೊಸ ಡಬ್ಬಿಯ ಮೇಲೆ, ನಡುವೆ, ತಳದಲ್ಲಿ ಒಂದೊಂದು ಚಮಚ ತೆಗೆದು ಬೆರೆಸಿ, ಒಣ ಗಾಜಿನ ಸೀಸೆಗೆ ತುಂಬಿ, ಬ್ಯಾಚ್ ಸಂಖ್ಯೆ ಬರೆಯಿರಿ.

ಪ್ರಯೋಗಾಲಯದಲ್ಲಿ ಬಳಸುವುದು ಬೆಳೆಯಲು ಬೇಕಾದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ತಯಾರಿಸಿಕೊಳ್ಳಲಾಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತಳಿಗಳನ್ನು. ಪುಡಿ ಅವುಗಳ ಡಿಎನ್‌ಎ ಬದಲಿಸಿದರೆ ಕೆಲವು ಬ್ಯಾಕ್ಟೀರಿಯಾ ಆ ಶಕ್ತಿಯನ್ನು ಮರಳಿ ಪಡೆದು ಕಾಲೊನಿ ಕಟ್ಟುತ್ತವೆ. ಸುಮಾರು 45 ಡಿಗ್ರಿಯ 2 ಮಿಲಿಲೀಟರ್ ಮೃದು ಅಗಾರ್‌ಗೆ (ಜೆಲ್ಲಿಯಂಥ ಮಾಧ್ಯಮ) 0.1 ಮಿಲಿಲೀಟರ್ ಬ್ಯಾಕ್ಟೀರಿಯಾ, 0.1 ಮಿಲಿಲೀಟರ್ ಮಾದರಿ, 0.5 ಮಿಲಿಲೀಟರ್ ಯಕೃತ್ತಿನ ಕಿಣ್ವದ ಮಿಶ್ರಣ (ಎಸ್9) ಬೆರೆಸಿ ತಟ್ಟೆಗೆ ಸುರಿಯುತ್ತಾರೆ. ಬಿಸಿ ಹೆಚ್ಚಾದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಕಡಿಮೆಯಾದರೆ ಅಗಾರ್ ಗಂಟುಗಟ್ಟುತ್ತದೆ. ಪುಡಿಯ ಕನಿಷ್ಠ ಐದು ಬೇರೆ ಬೇರೆ ಪ್ರಮಾಣ, ತಟ್ಟೆಗೆ ಗರಿಷ್ಠ 5 ಮಿಲಿಗ್ರಾಂ, ಪ್ರತಿ ಪ್ರಮಾಣಕ್ಕೆ ಮೂರು ತಟ್ಟೆ. 37 ಡಿಗ್ರಿಯಲ್ಲಿ 48ರಿಂದ 72 ಗಂಟೆ ಇಟ್ಟು ಎಣಿಸುತ್ತಾರೆ.

ಎಡವುವುದು ಇಲ್ಲೇ. ಸಾಮಾನ್ಯ ವಿಧಾನದಲ್ಲಿ ಇಲಿಯ ಯಕೃತ್ತಿನ ಎಸ್9 ಬಳಸುತ್ತಾರೆ. ಅದರಲ್ಲಿ ಅಜೋ ಬಂಧ ಸರಿಯಾಗಿ ಒಡೆಯುವುದಿಲ್ಲ. ಬೆಂಜಿಡಿನ್‌ನಿಂದಾದ ಕಾಂಗೋ ರೆಡ್ ಕೂಡ ಅಲ್ಲಿ ‘ನೆಗೆಟಿವ್’ ಎನಿಸಿಕೊಳ್ಳುತ್ತದೆ! ಆದರೆ ನಮ್ಮ ಕರುಳಿನ ಬ್ಯಾಕ್ಟೀರಿಯಾ ಆ ಬಂಧವನ್ನು ಒಡೆದು ಬೆಂಜಿಡಿನ್ ಬಿಡುಗಡೆ ಮಾಡಬಲ್ಲವು. ಆದ್ದರಿಂದ ಅಜೋ ಬಣ್ಣಗಳಿಗೆಂದೇ ರೂಪಿಸಿದ ಪ್ರೈವಲ್ ವಿಧಾನವನ್ನೇ ಕೇಳಿ: ಹ್ಯಾಮ್‌ಸ್ಟರ್ ಯಕೃತ್ತಿನ ಎಸ್9, ಜೊತೆಗೆ ಅಜೋ ಬಂಧ ಒಡೆಯಲು ನೆರವಾಗುವ ಎಫ್‌ಎಂಎನ್ ಎಂಬ ವಸ್ತು, ಸುರಿಯುವ ಮುನ್ನ 30 ನಿಮಿಷ ಅಲುಗಾಡಿಸದೆ ಇಡುವುದು. ಕಾರ್ಯಾದೇಶದಲ್ಲೇ ಇದನ್ನು ಬರೆಸಿ. ಬರೆಸದಿದ್ದರೆ ಬರುವ ವರದಿಯನ್ನು ನಂಬಿ ಕೆಲಸಗಾರರನ್ನು ತೊಟ್ಟಿಗೆ ಇಳಿಸುವುದು ತಪ್ಪು.

ವರದಿ ಬಂದಾಗ ಪ್ರಮಾಣದೊಂದಿಗೆ ಕಾಲೊನಿಯೂ ಏರಿದೆಯೇ ನೋಡಿ. ಟಿಎ98 ತಳಿಯಲ್ಲಿ ಪುಡಿ ಹಾಕದ ತಟ್ಟೆಯ ಎರಡು ಪಟ್ಟು ದಾಟಿದರೆ ಸಾಮಾನ್ಯವಾಗಿ ಪಾಸಿಟಿವ್. ಹೆಚ್ಚಿನ ಪ್ರಮಾಣದಲ್ಲಿ ಕಾಲೊನಿ ಇಳಿದಿದ್ದರೆ ಸುರಕ್ಷಿತವೆಂದಲ್ಲ, ವಿಷಕ್ಕೆ ಬ್ಯಾಕ್ಟೀರಿಯಾವೇ ಸತ್ತಿರಬಹುದು. ಕಾಲೊನಿಗಳ ಹಿನ್ನೆಲೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ತೆಳು ಪದರ ಹೇಗಿತ್ತೆಂದು ಕೇಳಿ. ಗಾಢ ಬಣ್ಣದ ತಟ್ಟೆಯಲ್ಲಿ ಯಂತ್ರದ ಎಣಿಕೆ ತಪ್ಪಬಹುದು, ಕೈಯಿಂದ ಎಣಿಸಿದ್ದಾರೆಯೇ ಎಂದೂ ವಿಚಾರಿಸಿ. ನೆಗೆಟಿವ್ ಬಂದರೂ ಅದು ಆ ಬ್ಯಾಚಿಗೆ ಮಾತ್ರ. ವರ್ಣತಂತು ಮುರಿಯುತ್ತದೆಯೇ ಎಂಬುದಕ್ಕೆ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ ಬೇರೆಯೇ ಬೇಕು.

ವರದಿ ಬರುವವರೆಗೆ ಪುಡಿಯನ್ನು ಫ್ಯಾನ್ ಕೆಳಗೆ ತೂಗಬೇಡಿ, ಉದ್ದ ಕೈಗವಸು ಕೊಡಿ. ಕೈಗೆ ಹತ್ತಿದ ಬಣ್ಣವನ್ನು ಹೈಡ್ರೋಸ್‌ನಿಂದ (ಬಣ್ಣ ತೆಗೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿ) ತೊಳೆಯಲು ಬಿಡಲೇಬೇಡಿ. ಬಣ್ಣ ಮಾಯವಾಗುವುದು ಅಜೋ ಬಂಧ ಒಡೆಯುವುದರಿಂದಲೇ, ಬಿಡುಗಡೆಯಾದ ಅಮೀನ್ (ಬೆಂಜಿಡಿನ್‌ನಂಥ ರಾಸಾಯನಿಕ) ಚರ್ಮದ ಮೇಲೇ ಉಳಿಯುತ್ತದೆ. ಸೋಪು, ನೀರು ಸಾಕು.